ಕರಾವಳಿಯಲ್ಲಿ ಚಳಿಯೆಲ್ಲಿ ಎಂಬ ಮಾತು ನಂಬಿ ಹನ್ನೊಂದು ಮರಿ ಕಳೆದುಕೊಂಡೆ

ಮಳೆಗಾಲದಲ್ಲಿ ಮೊದಲ ಸಲ ಮೊಲದ ಮರಿ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ನನಗೆ ಮೊಲ ಮಾರಿದವರು, "ಉಡುಪಿಯಲ್ಲಿ ಎಂಥ ಚಳಿ? ಪೆಟ್ಟಿಗೆ ಗಿಟ್ಟಿಗೆ ಏನೂ ಬೇಡ, ಪಂಜರದಲ್ಲೇ ಮರಿ ಹಾಕುತ್ತವೆ" ಎಂದಿದ್ದರು. ನಾನು ನಂಬಿದೆ.

ನಮ್ಮ ಬೇಸಿಗೆಯ ಸೆಕೆಗೆ ಗಂಡುಮೊಲ ಸೊರಗುತ್ತದೆ, ಗಬ್ಬ ನಿಲ್ಲುವುದೇ ಕಷ್ಟ. ಹಾಗಾಗಿ ಮಳೆ ಹಿಡಿದ ಮೇಲೆ, ಜೂನ್ ಕೊನೆಗೆ, ನ್ಯೂಜಿಲೆಂಡ್ ವೈಟ್ ತಳಿಯ ಎರಡು ಹೆಣ್ಣುಗಳನ್ನು ಗಂಡಿನ ಜೊತೆ ಮಾಡಿಸಿದೆ. ಮೊಲದ ಗಬ್ಬ ಹೆಚ್ಚುಕಡಿಮೆ 31 ದಿನ. ಲೆಕ್ಕ ಸರಿಯಾಗಿ ಆಟಿಯ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಜಡಿಮಳೆಗೆ ಬಂದು ನಿಂತಿತು. ಪಂಜರ ಇದ್ದದ್ದು ಪಡುವಣ ಜಗಲಿಯಲ್ಲಿ. ಮೇ ತಿಂಗಳಲ್ಲಿ ಗಾಳಿ ಬೀಸುತ್ತದೆ ಎಂದು ನಾನೇ ಆರಿಸಿದ ಜಾಗ.

ಮೊದಲನೆಯದು ರಾತ್ರಿ ಮರಿ ಹಾಕಿತು. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ತಂತಿಬಲೆಯ ಮೇಲೆ ಆರು ಮರಿಗಳು, ಒಂದೊಂದು ಒಂದೊಂದು ಮೂಲೆಯಲ್ಲಿ. ಎರಚಲಿಗೆ ಮೈ ಒದ್ದೆಯಾಗಿತ್ತು. ತಾಯಿ ತನ್ನ ಹೊಟ್ಟೆಯ ತುಪ್ಪಳ ಕಿತ್ತು ಹಾಸಲು ನೋಡಿತ್ತು. ಅದೆಲ್ಲ ಗಾಳಿಗೆ ಹಾರಿ ಜಗಲಿಯ ಕಂಬಕ್ಕೆ ಅಂಟಿಕೊಂಡಿತ್ತು. ಅದು ತನ್ನ ಕೆಲಸ ಮಾಡಿತ್ತು, ನಾನು ಮಾಡಿರಲಿಲ್ಲ. ಆರನ್ನೂ ತೆಂಗಿನ ಬುಡದಲ್ಲಿ ಹುಗಿದೆ.

ಮೂರು ದಿನ ಬಿಟ್ಟು ಎರಡನೆಯದರ ಸರದಿ. ಈ ಸಲ ಗೋಣಿಚೀಲ ಹಾಸಿದ್ದೆ, ಅಷ್ಟೇ. ಗೋಣಿ ಥಂಡಿ ಕುಡಿದು ಒದ್ದೆ ಬಟ್ಟೆಯಂತಾಗಿತ್ತು. ಎಂಟು ಮರಿಗಳೂ ತಣ್ಣಗೆ. ಒಂದರ ಹಿಂಗಾಲಿಗೆ ಗೋಣಿಯ ನೂಲು ಸುತ್ತಿ ಕಾಲು ನೀಲಿಗಟ್ಟಿತ್ತು. ಎಲ್ಲವನ್ನೂ ಅಡಿಕೆ ಹಾಳೆಯಲ್ಲಿಟ್ಟುಕೊಂಡು ತೋಟಕ್ಕೆ ಹೊರಟಾಗ ಅಮ್ಮ ತಡೆದರು. "ಬಿಸಿ ಮಾಡಿ ನೋಡದೆ ಸತ್ತಿದೆ ಎನ್ನಬೇಡ" ಎಂದು ಹಾಳೆ ಕಸಿದುಕೊಂಡು ಬಚ್ಚಲಿಗೆ ನಡೆದರು. ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ, ಮರಿಯ ತಲೆಯನ್ನು ಬೆರಳಿನಿಂದ ಮೇಲೆತ್ತಿ ಹಿಡಿದು ಕುತ್ತಿಗೆಯವರೆಗೆ ಮುಳುಗಿಸಿದರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೂದು ಬಣ್ಣದ ಹೊಟ್ಟೆ ನಿಧಾನವಾಗಿ ಗುಲಾಬಿಗೆ ತಿರುಗಿತು, ಬಾಯಿ ಒಮ್ಮೆ ತೆರೆದು ಮುಚ್ಚಿತು. ಎಂಟರಲ್ಲಿ ಮೂರು ಬದುಕಿದವು. ಒರೆಸಿ, ಒಲೆಯ ಪಕ್ಕದಲ್ಲಿ ಪೂರ್ತಿ ಬೆಚ್ಚಗಾದ ಮೇಲೆಯೇ ತಾಯಿಯ ಹತ್ತಿರ ಬಿಟ್ಟೆವು. ತಣ್ಣಗಿರುವ ಮರಿಗೆ ಹಾಲು ಚೀಪುವ ತ್ರಾಣವೇ ಇರುವುದಿಲ್ಲ.

ಹುಗಿದ ಆ ಆರರಲ್ಲಿ ಎಷ್ಟಕ್ಕೆ ಜೀವವಿತ್ತೋ. ಈಗಲೂ ಆ ತೆಂಗಿನ ಬುಡಕ್ಕೆ ನೀರು ಬಿಡುವಾಗ ಅದೇ ನೆನಪಾಗುತ್ತದೆ.

ಆಟಿಯ ರಾತ್ರಿ ನಮ್ಮಲ್ಲಿ 23 ಡಿಗ್ರಿ ಇದ್ದರೆ ನಮಗೆ ಹಿತ. ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟುವ ಮರಿಗೆ ಗೂಡಿನೊಳಗೆ 30ಕ್ಕಿಂತ ಮೇಲೆ ಬೇಕು. ಒದ್ದೆ, ಮೇಲೆ ಗಾಳಿ, ಇಷ್ಟಾದರೆ ಅದನ್ನು ಕೊಲ್ಲಲು ಹಿಮ ಬೀಳಬೇಕಾಗಿಲ್ಲ. ಬೆಕ್ಕಿನ ಹಾಗೆ ಮೊಲ ಮರಿಯನ್ನು ಕಚ್ಚಿ ತಂದು ಗೂಡಿಗೆ ಸೇರಿಸುವುದೂ ಇಲ್ಲ. ಹೊರಗೆ ಬಿದ್ದದ್ದು ಬಿದ್ದಲ್ಲೇ.

ಈಗ ನಾನು ಗಬ್ಬದ 28ನೇ ದಿನ ಮರದ ಪೆಟ್ಟಿಗೆ ಇಡುತ್ತೇನೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಮರಿ ಉರುಳಿ ಹೊರಬೀಳದಂತೆ ಮುಂದೆ ಆರು ಇಂಚಿನ ತಡೆ, ತಳದಲ್ಲಿ ಸಣ್ಣ ತೂತುಗಳು. ಬಹಳ ಮೊದಲೇ ಇಟ್ಟರೆ ಅದರಲ್ಲೇ ಉಚ್ಚೆ ಹೊಯ್ಯುತ್ತವೆ. ಬೈಹುಲ್ಲನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಗರಿಗರಿಯಾಗುವಂತೆ ಒಣಗಿಸಿ ತುಂಬುತ್ತೇನೆ. ಗೋಣಿಯನ್ನು ಹತ್ತಿರವೂ ಸೇರಿಸುವುದಿಲ್ಲ. ತಾಯಿ ಸಾಕಷ್ಟು ತುಪ್ಪಳ ಕೀಳದಿದ್ದರೆ ಅದರ ಹೊಟ್ಟೆಯಿಂದ ನಾವೇ ಮೆಲ್ಲಗೆ ಬಿಡಿಸಬಹುದು, ಆ ದಿನಗಳಲ್ಲಿ ಸಡಿಲವಾಗಿರುತ್ತದೆ. ಬಿಸಿಗೆಂದು ಬಲ್ಬನ್ನೇ ನೆಚ್ಚಿಕೊಳ್ಳಬೇಡಿ, ಗಾಳಿಮಳೆಗೆ ಮೊದಲು ಹೋಗುವುದು ಕರೆಂಟು. ಇನ್ನು, ತಾಯಿ ದಿನಕ್ಕೆ ಒಂದೇ ಸಲ, ಕೆಲವೇ ನಿಮಿಷ ಹಾಲೂಡುತ್ತದೆ. ಮರಿಗಳನ್ನು ತೊರೆದಿದೆ ಎಂದು ಹೆದರಿ ಮತ್ತೆ ಮತ್ತೆ ಗೂಡು ಕೆದಕಬೇಡಿ. ಬೆಳಿಗ್ಗೆ ಒಮ್ಮೆ ಕೈಯಾಡಿಸಿ ಹೊಟ್ಟೆ ತುಂಬಿದೆಯೇ, ಮೈ ಬೆಚ್ಚಗಿದೆಯೇ ನೋಡಿದರೆ ಸಾಕು.

ನಿಮ್ಮ ಮೊಲಕ್ಕೆ ಗಬ್ಬ ನಿಂತು 25 ದಿನ ದಾಟಿದ್ದರೆ ನಾಳೆಗೆ ಇಡಬೇಡಿ. ಪಂಜರವನ್ನು ಇವತ್ತೇ ಗೋಡೆಯ ಮರೆಗೆ ಎಳೆಯಿರಿ, ಹುಲ್ಲನ್ನು ಒಲೆಯ ಮೇಲೆ ಒಣಗಲು ಹಾಕಿ.