ಇಎಲ್‌ಎಂ327 ಬ್ಲೂಟೂತ್ ಸ್ಕ್ಯಾನರ್: ಚೆಕ್ ಎಂಜಿನ್ ಲೈಟ್ ಬಂದಾಗ ಎಷ್ಟು ಉಪಯೋಗ?

ಚೆಕ್ ಎಂಜಿನ್ ಲೈಟ್ ಹತ್ತಿತೆಂದು ಗ್ಯಾರೇಜಿಗೆ ಹೋದರೆ ಎಷ್ಟೋ ಸಲ ಸಿಗುವುದು ಒಂದು ಕೋಡು, ಅದರ ಬೆನ್ನಿಗೇ ಒಂದು ಎಸ್ಟಿಮೇಟು. ಪಿ0420 ಬಂದಿದೆ, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಅನ್ನುತ್ತಾರೆ. ಪಿ0171 ಬಂದಿದೆ, ಆಕ್ಸಿಜನ್ ಸೆನ್ಸರ್ ಹಾಕಬೇಕು ಅನ್ನುತ್ತಾರೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಗಮನಿಸುವ ಯಾವುದೋ ಒಂದು ಅಳತೆ ಮಿತಿ ದಾಟಿದೆ ಎಂಬುದಷ್ಟೇ ಕೋಡಿನ ಅರ್ಥ. ಯಾಕೆ ದಾಟಿತು ಎಂದು ಹುಡುಕುವ ಕೆಲಸ ಅಲ್ಲಿಂದ ಶುರುವಾಗಬೇಕು. ಪೆಟ್ರೋಲ್ ಕಾರಿನಲ್ಲಿ ಆ ಹುಡುಕಾಟದ ಬಹುಪಾಲಿಗೆ ಕಾರಿನ ಕೋಡುಗಳನ್ನು ಫೋನಿನಲ್ಲಿ ತೋರಿಸುವ ಇಎಲ್‌ಎಂ327 ಎಂಬ ಈ ಪುಟ್ಟ ಅಡಾಪ್ಟರ್ ಸಾಕು.

ಜೋಡಿಸುವುದು ಸುಲಭ. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಚುಚ್ಚಿ, ಇಗ್ನಿಷನ್ ಆನ್ ಮಾಡಿ, ಫೋನಿನಲ್ಲಿ 1234 ಅಥವಾ 0000 ಹಾಕಿ ಪೇರ್ ಮಾಡಿದರೆ ಟಾರ್ಕ್, ಕಾರ್ ಸ್ಕ್ಯಾನರ್ ತರಹದ ಆ್ಯಪ್‌ಗಳು ಓದತೊಡಗುತ್ತವೆ. ಐಫೋನಿಗೆ ಹಳೆಯ ಮಾದರಿಯ ಬ್ಲೂಟೂತ್ ನಡೆಯದು. ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವುದನ್ನೇ ಕೊಳ್ಳಬೇಕು.

ಆ್ಯಪ್ ತೆರೆದೊಡನೆ 'ಕ್ಲಿಯರ್' ಒತ್ತಬೇಡಿ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ, ಅದೇ ನಿಮ್ಮ ಮುಖ್ಯ ಸಾಕ್ಷಿ. ಕೋಡು ದಾಖಲಾದ ಕ್ಷಣದ ಆರ್‌ಪಿಎಂ, ಕೂಲಂಟ್ ತಾಪಮಾನ, ಲೋಡ್, ವೇಗ ಎಲ್ಲ ಅದರಲ್ಲಿರುತ್ತವೆ. ಪಿ0300 (ಮಿಸ್‌ಫೈರ್, ಅಂದರೆ ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಬಂದಾಗ ಕೂಲಂಟ್ 25 ಡಿಗ್ರಿ ಇತ್ತೆಂದರೆ ತಣ್ಣಗಿನ ಸ್ಟಾರ್ಟಿನ ಸಮಸ್ಯೆ. 90 ಡಿಗ್ರಿ ಇದ್ದು ಲೋಡ್ ಜಾಸ್ತಿ ಇದ್ದರೆ ಹುಡುಕುವ ದಾರಿಯೇ ಬೇರೆ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಕೊಟ್ಟ ದುಡ್ಡು ಸಾರ್ಥಕವಾಗುವುದು ಲೈವ್ ಡೇಟಾದಲ್ಲಿ. ಪಿ0171 ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ. ಎಂಜಿನ್ ಬಿಸಿಯಾದ ಮೇಲೆ ಲಾಂಗ್ ಟರ್ಮ್ ಮತ್ತು ಶಾರ್ಟ್ ಟರ್ಮ್ ಫ್ಯುಯಲ್ ಟ್ರಿಮ್ (ಇಸಿಯು ಇಂಧನವನ್ನು ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಎರಡನ್ನೂ ಕೂಡಿಸಿ ನೋಡಿ. ಮೊತ್ತ ಸುಮಾರು ಪ್ಲಸ್ ಅಥವಾ ಮೈನಸ್ 10 ಶೇಕಡಾದೊಳಗೆ ಇದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ ಪ್ಲಸ್ 22 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಪ್ಲಸ್ 4ಕ್ಕೆ ಇಳಿದರೆ, ಎಂಎಎಫ್ ಸೆನ್ಸರ್ (ಒಳಬರುವ ಗಾಳಿಯನ್ನು ಅಳೆಯುವುದು) ಇರುವ ಎಂಜಿನ್ನಿನಲ್ಲಿ ಅದು ವ್ಯಾಕ್ಯೂಮ್ ಲೀಕಿನ, ಅಂದರೆ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತಿರುವುದರ ಗುರುತು. ಬಿರುಕು ಬಿಟ್ಟ ಪಿಸಿವಿ ಹೋಸ್ (ಎಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕಿಗೆ ಒಯ್ಯುವ ಪೈಪು), ಇನ್‌ಟೇಕ್ ಗ್ಯಾಸ್ಕೆಟ್ ಇವನ್ನು ಮೊದಲು ನೋಡಬೇಕು. ಇದಕ್ಕೆ ತಿರುವುಮುರುವಾಗಿ, ಲೋಡ್ ಏರಿದಂತೆ ಟ್ರಿಮ್ ಕೂಡ ಏರುತ್ತಿದ್ದರೆ ಫ್ಯುಯಲ್ ಪಂಪ್, ಫಿಲ್ಟರ್ ಅಥವಾ ಕೊಳೆ ಹಿಡಿದ ಎಂಎಎಫ್ ಮೇಲೆ ಅನುಮಾನ. ಇಲ್ಲೆಲ್ಲ ಆಕ್ಸಿಜನ್ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಸುಮ್ಮನೆ ಅದನ್ನು ಬದಲಿಸಿದರೆ ಕೆಲವು ದಿನಗಳಲ್ಲಿ ಅದೇ ಲೈಟು, ಅದೇ ಕೋಡು.

ಪಿ0420ಕ್ಕೆ ಎಂಜಿನ್ ಪೂರ್ತಿ ಬಿಸಿ ಮಾಡಿ, 2500 ಆರ್‌ಪಿಎಂ ಹಿಡಿದು, ಎರಡೂ ಆಕ್ಸಿಜನ್ ಸೆನ್ಸರ್‌ಗಳ ಗ್ರಾಫ್ ತೆರೆಯಿರಿ. ಮಾಮೂಲಿ ಸೆನ್ಸರ್ ಆದರೆ ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಓಲಾಡುತ್ತಿರಬೇಕು, ಕನ್ವರ್ಟರ್ ಹಿಂದಿನದು ಸುಮಾರು 0.6–0.7ರಲ್ಲಿ ನಿಂತಿರಬೇಕು. ಹಿಂದಿನದೂ ಅದೇ ಲಯದಲ್ಲಿ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿರಬಹುದು. ಆಗಲೂ ಎಕ್ಸಾಸ್ಟ್ ಲೀಕ್ ಇಲ್ಲವೆಂದು ಖಚಿತವಾಗುವ ತನಕ ಒಪ್ಪಿಗೆ ಕೊಡಬೇಡಿ. ಮಿಸ್‌ಫೈರ್ ಆಗುತ್ತಿರುವ, ಆಯಿಲ್ ಕುಡಿಯುವ ಎಂಜಿನ್ನಿಗೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಸಾಯುತ್ತದೆ.

ಪಿ0301ಕ್ಕೆ, ಅಂದರೆ ಒಂದನೆಯ ಸಿಲಿಂಡರಿನ ಮಿಸ್‌ಫೈರಿಗೆ, ಪಾರ್ಟ್ ಕೊಳ್ಳದೆಯೇ ಪರೀಕ್ಷೆ ಸಾಧ್ಯ. ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ (ಸ್ಪಾರ್ಕಿಗೆ ಕರೆಂಟ್ ಕೊಡುವುದು) ಇದ್ದರೆ, ಎಂಜಿನ್ ಆಫ್ ಮಾಡಿ ಒಂದನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ. ಪಿ0302 ಬಂದರೆ ಕಾಯಿಲ್ ಕೆಟ್ಟಿದೆ. ಪಿ0301 ಅಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ತಿರುಗಿ. ಲೈಟು ಮಿನುಗುತ್ತಿದ್ದರೆ ಮಾತ್ರ ಈ ಪ್ರಯೋಗವೆಲ್ಲ ಬೇಡ. ಸುಡದ ಇಂಧನ ಕನ್ವರ್ಟರಿನೊಳಗೆ ಉರಿದು ಅದನ್ನು ಹಾಳು ಮಾಡುತ್ತದೆ. ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ.

ಕೊರತೆಗಳೂ ಇವೆ. ಮಾರುಕಟ್ಟೆಯಲ್ಲಿ ಬಹುತೇಕ ನಕಲಿ ಚಿಪ್‌ಗಳೇ. 'ವಿ1.5' ಎಂದು ಬರೆದಿರುತ್ತಾರೆ. ಮೂಲ ಕಂಪನಿಯಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ಆ ಆವೃತ್ತಿಯನ್ನು ಹೊರತಂದೇ ಇಲ್ಲ. 'ವಿ2.1' ಹೆಸರಿನ ಎಷ್ಟೋ ನಕಲುಗಳಲ್ಲಿ ಕೆಲವು ಕಮಾಂಡ್‌ಗಳೇ ಇರುವುದಿಲ್ಲ, ಕ್ಯಾನ್ ಬಸ್ (ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಜಾಲ) ಇಲ್ಲದ ಹಳೆಯ ಕಾರುಗಳ ಜೊತೆ ಮಾತೇ ಆಡುವುದಿಲ್ಲ. ವಾಪಸ್ ಕೊಡಬಹುದಾದ ಕಡೆ ಕೊಂಡು, ಮೊದಲ ದಿನವೇ ಪರೀಕ್ಷಿಸಿ. ಎಬಿಎಸ್, ಏರ್‌ಬ್ಯಾಗ್ ಕೋಡುಗಳನ್ನು ಇದರಿಂದ ನೆಚ್ಚಿಕೊಳ್ಳುವಂತಿಲ್ಲ. ಡೀಸೆಲ್ ಕಾರಿಗೆ ಮೇಲಿನ ಟ್ರಿಮ್ ಲೆಕ್ಕ ಅನ್ವಯಿಸದು.

ರಿಪೇರಿ ಮುಗಿದು ಕೋಡ್ ಅಳಿಸಿದ ಮೇಲೆ ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ತಪಾಸಣೆಗಳು) ಸೊನ್ನೆಯಿಂದ ಶುರುವಾಗುತ್ತವೆ. ಅವು ಪೂರ್ಣವಾಗುವ ತನಕ ಲೈಟ್ ಆರಿದೆ ಎಂಬ ಕಾರಣಕ್ಕೆ ಕೆಲಸ ಸರಿಯಾಗಿದೆ ಎನ್ನಲಾಗದು. ಪೆಂಡಿಂಗ್ (ಇನ್ನೂ ಖಚಿತವಾಗದ) ಕೋಡುಗಳನ್ನೂ ನೋಡುತ್ತಿರಿ. ನೋಡಿದ ಮೇಲೆ ಅಡಾಪ್ಟರನ್ನು ಕಿತ್ತಿಡಿ. ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಬರುತ್ತಿರುತ್ತದೆ, ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿಯನ್ನು ಇದು ಬರಿದು ಮಾಡಬಲ್ಲದು.