ಲುವಾನೋ ಪೈಥಾನೋ: ತೋಟದ ಬೋರ್ಡಿಗೂ ಆಫೀಸಿನ ವಿಂಡೋಸಿಗೂ ಒಂದೇ ಕೋಡ್

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮಳೆ ಲೆಕ್ಕ ಬರೆದುಕೊಳ್ಳುವ ಲಿನಕ್ಸ್ ಬೋರ್ಡು (ಪುಟ್ಟ ಕಂಪ್ಯೂಟರ್), ಹಾಸನದ ಆಫೀಸಿನಲ್ಲಿ ವಿಂಡೋಸ್. ಎರಡರಲ್ಲೂ ಒಂದೇ ಸ್ಕ್ರಿಪ್ಟ್ ಓಡಬೇಕೆಂದರೆ ರನ್‌ಟೈಮನ್ನು (ಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ನೋಡಿಯೇ ಆರಿಸಬೇಕು. ಇಲ್ಲಿ ಆಯ್ಕೆ ಎರಡು ಪ್ರೋಗ್ರಾಮಿಂಗ್ ಭಾಷೆಗಳ ನಡುವೆ: ಲುವಾ, ಪೈಥಾನ್.

ಮೂಲ ಕೋಡಿನಿಂದ ಕಟ್ಟುವುದಕ್ಕೆ (ಬಿಲ್ಡ್) ಸುಲಭ ಲುವಾ. ಅದನ್ನು ಬರೆದಿರುವುದು ಪೂರಾ ಸಿ ಭಾಷೆಯಲ್ಲಿ; ಬೋರ್ಡಿನಲ್ಲಿ ‘ಮೇಕ್ ಲಿನಕ್ಸ್’, ವಿಂಡೋಸಿನಲ್ಲಿ ‘ಮೇಕ್ ಮಿಂಗ್‌ಡಬ್ಲ್ಯೂ’ ಎಂದು ಆದೇಶ ಕೊಟ್ಟರೆ ಅಷ್ಟೇ. ಪೈಥಾನನ್ನು ಬೇರೆ ಪ್ರೊಸೆಸರಿಗೆ ಕ್ರಾಸ್ ಕಂಪೈಲ್ ಮಾಡಲು (ಒಂದು ಯಂತ್ರದಲ್ಲಿ ಕಟ್ಟಿ ಇನ್ನೊಂದರಲ್ಲಿ ಓಡಿಸಲು) ಅದೇ ಆವೃತ್ತಿಯ ಇನ್ನೊಂದು ಪೈಥಾನ್ ಮೊದಲೇ ಕೈಯಲ್ಲಿರಬೇಕು. ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಹೆಡರ್ ಫೈಲ್ ಸಿಗದಿದ್ದರೂ ಬಿಲ್ಡ್ ನಿಲ್ಲುವುದಿಲ್ಲ, ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ) ಮಾಡ್ಯೂಲನ್ನು ಬಿಟ್ಟು ಮುಂದೆ ಹೋಗುತ್ತದೆ. ತೋಟಕ್ಕೆ ಹೋಗಿ ಇಂಪೋರ್ಟ್ ಮಾಡಿದಾಗಲೇ ಬಣ್ಣ ಬಯಲು. ಬಿಲ್ಡ್ ಕೊನೆಯಲ್ಲಿ ಬರುವ, ಬಿಟ್ಟುಹೋದ ಮಾಡ್ಯೂಲುಗಳ ಪಟ್ಟಿ ಓದಿ.

ಲುವಾ ಕೈಕೊಡುವುದು ಕನ್ನಡದ ಫೈಲ್ ಹೆಸರಿನಲ್ಲಿ. ಫೈಲ್ ತೆರೆಯಲು ಅದು ಬಳಸುವ ಎಫ್‌ಓಪನ್ ವಿಂಡೋಸಿನಲ್ಲಿ ಹಳೆಯ ಕೋಡ್ ಪೇಜನ್ನು (ಒಂದೊಂದು ಲಿಪಿಗೆ ಇದ್ದ ಅಕ್ಷರ ಸಂಕೇತ ಪಟ್ಟಿ) ನಂಬುತ್ತದೆ, ಕನ್ನಡಕ್ಕೆ ಅಂಥ ಪೇಜೇ ಇಲ್ಲ. ‘ಮಳೆ.ಸಿಎಸ್‌ವಿ’ ತೆರೆಯುವುದೇ ಇಲ್ಲ. ವಿಂಡೋಸ್ 10ರ 1903 ಆವೃತ್ತಿಯಿಂದೀಚೆಗೆ ಪ್ರೋಗ್ರಾಮಿನ ಮ್ಯಾನಿಫೆಸ್ಟಿನಲ್ಲಿ (ಅದರ ವಿವರ ಹೇಳುವ ಫೈಲ್) ಎಲ್ಲ ಲಿಪಿಗೂ ಸಲ್ಲುವ ಯುಟಿಎಫ್-8 ಸಂಕೇತ ಎಂದು ಬರೆದು ಸರಿಮಾಡಬಹುದು. ಪೈಥಾನಿಗೆ ಈ ಕಾಟವಿಲ್ಲ. ಆದರೆ ಫೈಲಿನ ಒಳಗಿನ ಅಕ್ಷರಕ್ಕೆ ಎನ್‌ಕೋಡಿಂಗ್ (ಅಕ್ಷರ ಸಂಕೇತ) ನೀವೇ ಹೇಳುವುದು ಕ್ಷೇಮ.

ಆಫೀಸಿನದು ವಿಂಡೋಸ್ 7 ಆದರೆ ಪೈಥಾನ್ 3.8ಕ್ಕೇ ನಿಲ್ಲಬೇಕು, ಅದಕ್ಕೆ ಭದ್ರತಾ ತಿದ್ದುಪಡಿ 2024ಕ್ಕೇ ಮುಗಿದಿದೆ. ಅಂಥಲ್ಲಿ ಲುವಾನೇ ವಾಸಿ, ಫೈಲ್ ಹೆಸರು ಇಂಗ್ಲಿಷಿನಲ್ಲಿಡಿ.