ಎಚ್‌ಎಂಟಿ ಜನತಾ: ಕೀ ಕೊಡುವ ವಾಚ್ ಇವತ್ತಿಗೂ ಸರಿಯಾದ ಟೈಮ್ ತೋರಿಸುತ್ತಾ?

ತೋರಿಸುತ್ತದೆ. ಸರ್ವಿಸ್ ಚೆನ್ನಾಗಿ ಆಗಿರಬೇಕು, ದಿನಾ ಒಂದೇ ಹೊತ್ತಿಗೆ ಕೀ ಕೊಡಬೇಕು, ಅಷ್ಟೇ.

ನನ್ನದು ಅಪ್ಪ ಕಟ್ಟುತ್ತಿದ್ದ ಬಿಳಿ ಡಯಲ್‌ನ ಜನತಾ. ಡಯಲ್ ಮೇಲೆ '17 ಜ್ಯುವೆಲ್ಸ್, ಪ್ಯಾರಾ ಶಾಕ್' ಎಂದಿದೆ, ಅಂದರೆ ಒಳಗೆ ಸವೆತ ತಡೆಯುವ 17 ಪುಟ್ಟ ಹರಳುಗಳು, ಜೊತೆಗೆ ಹೊಡೆತ ತಡೆಯುವ ವ್ಯವಸ್ಥೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತಲ್ಲ, ಆ ಎಚ್‌ಎಂಟಿ ವಾಚ್‌ಗಳ ಸಾಲಿನದು. ಸೆಕೆಂಡ್ ಮುಳ್ಳನ್ನು ಹತ್ತಿರ ಹಿಡಿದು ನೋಡಿ: ಒಂದು ಸೆಕೆಂಡಿಗೆ ಐದು ಪುಟ್ಟ ಹೆಜ್ಜೆ ಇಡುತ್ತದೆ.

ಆ ಹೆಜ್ಜೆಗಳನ್ನು ಅಳೆದು ಬಿಡುವುದು ಒಳಗಿನ ಬ್ಯಾಲೆನ್ಸ್ ವೀಲ್, ಅಂದರೆ ಹಿಂದಕ್ಕೂ ಮುಂದಕ್ಕೂ ತೂಗಾಡುವ ಒಂದು ಪುಟ್ಟ ಚಕ್ರ. ಕೂದಲಿನಷ್ಟು ತೆಳ್ಳಗಿನ, ಸುರುಳಿಯಾದ ಹೇರ್‌ಸ್ಪ್ರಿಂಗ್ ಅದನ್ನು ಆ ಕಡೆ ಈ ಕಡೆ ಎಳೆಯುತ್ತಿರುತ್ತದೆ. ಉಯ್ಯಾಲೆ ಸ್ವಲ್ಪ ಜೋರಾಗಿ ತೂಗಿದರೂ ಮೆಲ್ಲಗೆ ತೂಗಿದರೂ ಹೋಗಿ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಅಲ್ವಾ? ಇಲ್ಲೂ ಹಾಗೆಯೇ. ಸ್ಪ್ರಿಂಗನ್ನು ಜಾಸ್ತಿ ತಿರುಚಿದಷ್ಟೂ ಜಾಸ್ತಿ ಬಲದಿಂದ ವಾಪಸ್ ಎಳೆಯುತ್ತದೆ. ದೂರ ಹೋದ ಚಕ್ರ ಬೇಗ ಓಡಿ ಬರುತ್ತದೆ, ಹತ್ತಿರ ಹೋದದ್ದು ನಿಧಾನಕ್ಕೆ ಬರುತ್ತದೆ, ಹೊತ್ತು ಮಾತ್ರ ಅಷ್ಟೇ. 1675ರಲ್ಲಿ ಡಚ್ ವಿಜ್ಞಾನಿ ಹೈಗೆನ್ಸ್ ವಾಚಿಗೆ ಈ ಸುರುಳಿ ಸ್ಪ್ರಿಂಗ್ ಹಾಕಿಸಿದ್ದು ಇದಕ್ಕೇ. ಜನತಾದಲ್ಲಿ ದಿನಕ್ಕೆ ಇಂಥ 4,32,000 ಹೆಜ್ಜೆ, ಅಂದರೆ ಬಡಿತ. ಅದರಲ್ಲಿ 60 ಬಡಿತ ಹೆಚ್ಚಾದರೆ ವಾಚ್ 12 ಸೆಕೆಂಡ್ ಮುಂದೆ ಹೋಗುತ್ತದೆ.

ನನ್ನ ವಾಚ್ ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತಿತ್ತು. ಒಂದು ಅಂಗಡಿಯಲ್ಲಿ ಸುಮ್ನೆ ಒಳಗಿನ, ವೇಗ ಹೆಚ್ಚುಕಡಿಮೆ ಮಾಡುವ ಪ್ಲಸ್-ಮೈನಸ್ ಕಡ್ಡಿಯನ್ನು ಮೈನಸ್ ಕಡೆ ಪೂರ್ತಿ ತಳ್ಳಿ ಕಳಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಚಿಕ್ಕಪೇಟೆಯ ಒಬ್ಬ ಹಿರಿಯ ರಿಪೇರಿಯವರು ವಾಚನ್ನು ಬಿಚ್ಚಲೇ ಇಲ್ಲ, ಮೊದಲು ಪಕ್ಕದಲ್ಲಿ ಒಂದು ಪುಟ್ಟ ದಿಕ್ಸೂಚಿ ಇಟ್ಟರು. ಅದರ ಮುಳ್ಳು ಅಲುಗಾಡತೊಡಗಿತು! ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದಿತ್ತು. ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗ್ ಗಿಡ್ಡವಾದಂತೆ, ಗಿಡ್ಡವಾದರೆ ಬಿಗಿ, ಬಿಗಿಯಾದರೆ ಬಡಿತ ಜೋರು. ಒಂದು ಸುರುಳಿ ತಂತಿಯ ಯಂತ್ರದ ಮೇಲಿಟ್ಟು ಗುಂಡಿ ಒತ್ತಿ ದೂರ ಸರಿಸಿದರು, ಅಯಸ್ಕಾಂತ ಬಿಟ್ಟಿತು. ಮೊಬೈಲ್ ಕವರಿನ ಮ್ಯಾಗ್ನೆಟ್ ಪಕ್ಕ ವಾಚ್ ಇಡಲೇಬೇಡಿ.

ಆಮೇಲೆ ಬಿಚ್ಚಿ ತೊಳೆದು, ಹೊಸ ಎಣ್ಣೆ ಹಾಕಿ, ಟಿಕ್ ಶಬ್ದ ಕೇಳಿ ಲೆಕ್ಕ ಹಾಕುವ ಟೈಮ್‌ಗ್ರಾಫರ್ ಮೇಲೆ ಇಟ್ಟು ತೋರಿಸಿದರು. ಡಯಲ್ ಮೇಲಾಗಿ ಮಲಗಿಸಿದಾಗ ದಿನಕ್ಕೆ 9 ಸೆಕೆಂಡ್ ಮುಂದೆ, ಕೀ ಕೆಳಗಾಗಿ ನಿಲ್ಲಿಸಿದಾಗ 11 ಸೆಕೆಂಡ್ ಹಿಂದೆ. ನಿಲ್ಲಿಸಿದರೆ ಚಕ್ರದ ಅಚ್ಚಿನ ಬದಿ ಉಜ್ಜುತ್ತದೆ, ಚಕ್ರದ ತೂಕ ಒಂದು ಕಡೆ ಚೂರು ಜಾಸ್ತಿಯಿದ್ದರೆ ಅದೂ ಎಳೆಯುತ್ತದೆ. ಈ ವ್ಯತ್ಯಾಸ ನನಗೆ ಉಪಕಾರವೇ ಆಗಿದೆ: ಹಗಲು ಹಿಂದೆ ಬಿದ್ದಿದ್ದರೆ ರಾತ್ರಿ ಮಲಗಿಸುತ್ತೇನೆ, ಮುಂದೆ ಹೋಗಿದ್ದರೆ ನಿಲ್ಲಿಸುತ್ತೇನೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಕೀ. ಕೀ ಕೊಟ್ಟಾಗ ಬಿಗಿಯಾಗಿ ವಾಚ್ ಓಡಿಸುವ ಮೇನ್‌ಸ್ಪ್ರಿಂಗ್ ಸಡಿಲವಾದಂತೆ ಚಕ್ರದ ತೂಗಾಟ ಚಿಕ್ಕದಾಗುತ್ತದೆ, ಆಗ ಟೈಮ್ ಮೇಲೂ ಸ್ವಲ್ಪ ಪರಿಣಾಮ ಆಗುತ್ತದೆ.

ಬಿಗಿ ಲೆಕ್ಕದ ಟೈಮ್ ಬೇಕಾದವರು ಬ್ಯಾಟರಿಯ ಕ್ವಾರ್ಟ್ಜ್ ವಾಚ್ ತಗೊಳ್ಳಿ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಜನತಾ ಅದರ ಹತ್ತಿರಕ್ಕೂ ಬರಲ್ಲ. ಆದರೆ ಒಂದು ಸ್ಪ್ರಿಂಗ್ ಮತ್ತು ಒಂದು ಚಕ್ರ ಸೇರಿ ದಿನವಿಡೀ ಇಷ್ಟು ನಿಖರವಾಗಿ ಓಡುವುದನ್ನು ಕೈಯಲ್ಲೇ ಕಟ್ಟಿಕೊಳ್ಳುವುದು ನನಗೆ ತುಂಬಾ ಇಷ್ಟ. ಸರ್ವಿಸಿಗೆ 800 ರೂಪಾಯಿ ಕೊಟ್ಟೆ, ಧಾರಾಳವಾಗಿ ಕೊಡಬಹುದು.

ಹಳೇದು ಕೊಳ್ಳುವವರಿಗೆ: ಆನ್‌ಲೈನ್‌ನಲ್ಲಿ ಕಡುಬಣ್ಣದ, ಹೊಳೆಯುವ ಡಯಲ್ ಕಂಡರೆ ಮರುಬಣ್ಣ ಬಳಿದದ್ದಿರಬಹುದು. ಹಿಂದಿನ ಮುಚ್ಚಳ ತೆಗೆದ ಫೋಟೊ ಕೇಳಿ. ನೀರು ತಾಗಿಸಬೇಡಿ.